201ನೇ ಯೂನಿಟ್ಟಿನ ಬೆಲೆ

ಸನ್ ಮೈಕ್ರೋಸಿಸ್ಟಮ್ಸ್ ಕಂಪನಿಯ ಸ್ಪಾರ್ಕ್‌ಸ್ಟೇಷನ್ 5 ಮಾರುಕಟ್ಟೆಗೆ ಬಂದದ್ದು 1994ರಲ್ಲಿ. ಸಂಬಳದಾರರು ಮನೆಗೆ ಕೊಳ್ಳುವ ವಸ್ತು ಅದಾಗಿರಲಿಲ್ಲ. ಚಿಪ್ ವಿನ್ಯಾಸದ ಕಂಪನಿಗಳಲ್ಲಿ, ಸಂಶೋಧನಾಲಯಗಳಲ್ಲಿ ಎಂಜಿನಿಯರುಗಳು ಸರದಿಯ ಮೇಲೆ ಕೂತು ಕೆಲಸ ಮಾಡುತ್ತಿದ್ದ ಯಂತ್ರ ಅದು. ಅಂಥದ್ದೊಂದು ಈಗ ಮಾಕಳಿದುರ್ಗದ ಬೆಟ್ಟದ ಬುಡದಲ್ಲಿ, ಗೌರಿಬಿದನೂರು ಕಡೆಯ ರೈಲು ಸಾಗಿದಾಗ ಕಿಟಕಿ ಗಾಜು ನಡುಗುವ ಮನೆಯೊಂದರ ಒಳಕೋಣೆಯಲ್ಲಿದೆ. ಮನೆ ಈ ಅಂಕಣಕಾರನದು. ಯಂತ್ರಕ್ಕೆ ಕೊಟ್ಟದ್ದು 14,000 ರೂಪಾಯಿ. ಅದು ಎದ್ದು ಕೆಲಸಕ್ಕೆ ನಿಲ್ಲುವ ಹೊತ್ತಿಗೆ ಲೆಕ್ಕದ ಪುಸ್ತಕದಲ್ಲಿ ಬಿದ್ದ ಮೊತ್ತ 40,000.

ಈ 26,000ದ ಅಂತರವೇ ಈ ವಾರದ ವಿಷಯ.

ಬೆಂಗಳೂರಿನ ಸುತ್ತಮುತ್ತ ಇಂಥ ಯಂತ್ರಗಳು ಸಿಗುವುದಕ್ಕೆ ಕಾರಣವಿದೆ. 1985ರಲ್ಲಿ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಇಲ್ಲಿ ವಿನ್ಯಾಸ ಕೇಂದ್ರ ತೆರೆಯಿತು. 1990ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸೂಪರ್ ಕಂಪ್ಯೂಟರ್ ಶಿಕ್ಷಣ ಮತ್ತು ಸಂಶೋಧನಾ ಕೇಂದ್ರ ಶುರುವಾಯಿತು. ಚಿಪ್ ಬಿಡಿಸುವವರಿಗೆ, ವಿಮಾನದ ರೆಕ್ಕೆಯ ಮೇಲೆ ಗಾಳಿ ಹರಿಯುವ ಲೆಕ್ಕ ಹಾಕುವವರಿಗೆ ಆ ಕಾಲದ ಸಾಧಾರಣ ಪಿಸಿ ಸಾಲುತ್ತಿರಲಿಲ್ಲ. ಯುನಿಕ್ಸ್ ಓಡಿಸುವ ವರ್ಕ್‌ಸ್ಟೇಷನ್ನೇ ಬೇಕಿತ್ತು. 1995ರ ‘ಟಾಯ್ ಸ್ಟೋರಿ’ ಚಿತ್ರದ ಒಂದೊಂದು ಚೌಕಟ್ಟನ್ನೂ ಮೂಡಿಸಿದ್ದು ಸನ್ ಕಂಪನಿಯ 117 ಯಂತ್ರಗಳು, ಇದೇ ಮನೆತನದ ಸ್ಪಾರ್ಕ್‌ಸ್ಟೇಷನ್ 20. ಹತ್ತು ವರ್ಷ ಕಳೆಯುವಷ್ಟರಲ್ಲಿ ಅಗ್ಗದ ಪಿಸಿಗಳೇ ಆ ಕೆಲಸಕ್ಕೆ ಸಾಕಾದವು. ಹಳೆಯವು ಗೋದಾಮು ಸೇರಿದವು, ಅಲ್ಲಿಂದ ಗುಜರಿಗೆ ಹೋದವು. 2010ರಲ್ಲಿ ಸನ್ ಕಂಪನಿಯೇ ಒರೇಕಲ್ ಪಾಲಾಯಿತು.

2012ರ ಮೇ 1ರಿಂದ ಇ-ತ್ಯಾಜ್ಯ ನಿಯಮಗಳು ಜಾರಿಗೆ ಬಂದ ಮೇಲೆ ದೊಡ್ಡ ಸಂಸ್ಥೆಗಳು ಹಳೆ ಯಂತ್ರಗಳನ್ನು ಅಧಿಕೃತ ಮರುಬಳಕೆ ಘಟಕಗಳಿಗೇ ಒಪ್ಪಿಸಬೇಕು. ನಮ್ಮ ಜಿಲ್ಲೆಯಲ್ಲೇ, ನೆಲಮಂಗಲ ತಾಲ್ಲೂಕಿನ ದಾಬಸ್‌ಪೇಟೆಯಲ್ಲಿರುವ ಇ-ಪರಿಸರ, ದೇಶದಲ್ಲಿ ಈ ಕೆಲಸಕ್ಕೆ ಮೊದಲು ಇಳಿದ ಘಟಕಗಳಲ್ಲಿ ಒಂದು. ಪರಿಸರದ ದೃಷ್ಟಿಯಿಂದ ಇದು ಆಗಲೇಬೇಕಿದ್ದ ಕೆಲಸ. ಸಂಗ್ರಹಕಾರನ ದೃಷ್ಟಿಯಿಂದ, ಒಮ್ಮೆ ತ್ಯಾಜ್ಯವೆಂದು ದಾಖಲಾದ ಯಂತ್ರ ಮತ್ತೆ ಕೈಗೆ ಸಿಗದು. ಉಳಿದಿರುವುದು ಅದಕ್ಕೂ ಮೊದಲೇ ಹೊರಬಿದ್ದವು ಮಾತ್ರ: ನಿವೃತ್ತ ಎಂಜಿನಿಯರುಗಳ ಅಟ್ಟ, ಬೆಂಗಳೂರಿನ ಎಸ್.ಪಿ. ರಸ್ತೆಯ ಹಿಂಬದಿಯ ಅಂಗಡಿ, ಹೀಗೆ. ಹೊರದೇಶದಿಂದ ತರಿಸೋಣವೆಂದರೆ ಬಳಸಿದ ಕಂಪ್ಯೂಟರಿನ ಆಮದು ವಿದೇಶ ವ್ಯಾಪಾರ ನೀತಿಯಲ್ಲಿ ನಿರ್ಬಂಧಿತ ಪಟ್ಟಿಯಲ್ಲಿದೆ, ಪರವಾನಗಿ ಬೇಕು. ಒಂದು ಯಂತ್ರಕ್ಕಾಗಿ ಅಷ್ಟು ಅಲೆಯುವವರು ಯಾರು?

ಆದ್ದರಿಂದ ಸಿಕ್ಕಿದ್ದನ್ನು ಸಿಕ್ಕಲ್ಲಿ ಕೊಳ್ಳಬೇಕು. “ಲೈಟ್ ಬರುತ್ತೆ ಸಾರ್. ಆಮೇಲೆ ಏನಾಗುತ್ತೋ ನಂಗೊತ್ತಿಲ್ಲ. ವಾಪಸ್ ಇಲ್ಲ,” ಎಂದರು ಅಂಗಡಿಯವರು. ಇದ್ದದ್ದನ್ನು ಇದ್ದ ಹಾಗೆ ಹೇಳಿದ ಮಾತು ಅದು. ಘಾಟಿ ಸುಬ್ರಹ್ಮಣ್ಯದ ದನಗಳ ಜಾತ್ರೆಯಲ್ಲಿ ಎತ್ತಿನ ಬಾಯಿ ಬಿಡಿಸಿ ಹಲ್ಲು ಎಣಿಸದೆ ಯಾರೂ ಹಗ್ಗ ಹಿಡಿಯುವುದಿಲ್ಲವಷ್ಟೆ? ಈ ಯಂತ್ರದಲ್ಲೂ ನೋಡಬೇಕಾದ ಹಲ್ಲೊಂದಿದೆ: ಬೋರ್ಡಿನ ಮೇಲಿನ 28 ಕಾಲಿನ ಒಂದು ಚಿಪ್.

ಎಂ48ಟಿ08 ಎಂಬ ಆ ಚಿಪ್ಪಿನ ಬೆನ್ನ ಮೇಲೆ ಗೂನಿನಂತೆ ಬ್ಯಾಟರಿ ಅಂಟಿಕೊಂಡೇ ಇರುತ್ತದೆ. ಗಡಿಯಾರ, ಯಂತ್ರದ ಜಾಲ ವಿಳಾಸ, ‘ಹೋಸ್ಟ್ ಐಡಿ’ ಎಂಬ ಗುರುತಿನ ಸಂಖ್ಯೆ ಎಲ್ಲವೂ ಇರುವುದು ಅದರೊಳಗೇ. ಬ್ಯಾಟರಿ ಸುಮಾರು ಹತ್ತು ವರ್ಷ ಬಾಳುತ್ತದೆ, ಅಂದರೆ 1994ರದ್ದು ಯಾವತ್ತೋ ಸತ್ತಿದೆ. ಸತ್ತ ಮೇಲೆ ಸ್ವಿಚ್ ಹಾಕಿದರೆ ಬಿಳಿ ಪರದೆಯ ಮೇಲೆ ಐಡಿಪ್ರಾಮ್ ಸರಿಯಿಲ್ಲವೆಂಬ ಸಾಲು ಮೂಡಿ, ಯಂತ್ರ ‘ಓಕೆ’ ಎಂಬ ಎರಡಕ್ಷರದ ಮುಂದೆ ನಿಂತುಬಿಡುತ್ತದೆ. ಆಗ ಕೂತು ಒಂದೊಂದೇ ಬೈಟ್ ಟೈಪ್ ಮಾಡಿ ವಿಳಾಸವನ್ನು ಮತ್ತೆ ಬರೆಯಬೇಕು. ಸನ್ ಯಂತ್ರಗಳ ವಿಳಾಸ 8, 0, 20 ಎಂದು ಶುರುವಾಗುತ್ತದೆ. ಕರೆಂಟು ಹೋದರೆ ಬರೆದದ್ದೆಲ್ಲ ಅಳಿಸಿಹೋಗುತ್ತದೆ, ಮತ್ತೆ ಮೊದಲಿನಿಂದ. ಮಾಕಳಿದುರ್ಗದಲ್ಲಿ ಮಳೆಗಾಲದ ಸಂಜೆ ಕರೆಂಟು ಎಷ್ಟು ಸಲ ಹೋಗುತ್ತದೆಂಬುದು ಇಲ್ಲಿಯವರಿಗೆ ಗೊತ್ತು.

ಚಿಪ್ಪಿನ ಬ್ಯಾಟರಿಯನ್ನು ಮುಚ್ಚಿರುವ ಎಪಾಕ್ಸಿ ಅಂಟನ್ನು ಅರದಿಂದ ಉಜ್ಜಿ, ಸತ್ತ ಬ್ಯಾಟರಿಯ ತಂತಿ ಕಡಿದು, ಹೊರಗಿನಿಂದ ಗುಂಡಿ ಸೆಲ್ ಬೆಸೆಯುವುದು ಅಗ್ಗದ ದಾರಿ. ಸೆಲ್ಲಿಗೆ 50 ರೂಪಾಯಿಯೂ ಆಗದು. ಈ ಅಂಕಣಕಾರ ಆರಿಸಿಕೊಂಡದ್ದು 2,200 ರೂಪಾಯಿಯ ಹೊಸ ಚಿಪ್. ಉಜ್ಜುವಾಗ ಅರ ಒಂದು ಮಿಲಿಮೀಟರ್ ಜಾರಿದರೆ ಚಿಪ್ಪಿನ ಒಳತಂತಿ ಹರಿಯುತ್ತದೆ. ಬಗ್ಗಿ ಬೆಸುಗೆ ಹಾಕುವ ವಯಸ್ಸು, ಕಣ್ಣು ಇರುವವರು ಸೆಲ್ಲನ್ನೇ ಬೆಸೆಯಲಿ.

ಆ ಕಾಲದ ಚಿಪ್ ವಿನ್ಯಾಸದ ದುಬಾರಿ ತಂತ್ರಾಂಶಗಳ ಪರವಾನಗಿ ಕಟ್ಟಿಹಾಕಿದ್ದು ಇದೇ ಹೋಸ್ಟ್ ಐಡಿಗೆ. ಬ್ಯಾಟರಿ ಸತ್ತರೆ ಲಕ್ಷಗಟ್ಟಲೆ ಕೊಟ್ಟು ಕೊಂಡ ತಂತ್ರಾಂಶವೂ ಯಂತ್ರವನ್ನು ಗುರುತು ಹಿಡಿಯದು. ಮುಕ್ತವಾಗಿ ಹಂಚಿದ್ದು ಹಾಗಲ್ಲ. ಬರ್ಕ್ಲಿ ವಿಶ್ವವಿದ್ಯಾಲಯದ ಸ್ಪೈಸ್, ಮ್ಯಾಜಿಕ್ ಎಂಬ ತಂತ್ರಾಂಶಗಳು ಇಂದಿಗೂ ಓಡುತ್ತವೆ. ಈ ಮನೆಯ ಯಂತ್ರದ ಪರದೆಯ ಮೇಲೆ ಮ್ಯಾಜಿಕ್ಕಿನ ಕೆಂಪು, ಹಸಿರು, ನೀಲಿ ಪಟ್ಟಿಗಳು ಒಂದರ ಮೇಲೊಂದು ಹರಡಿಕೊಂಡು ಟ್ರಾನ್ಸಿಸ್ಟರ್ ಆಗುವುದನ್ನು ನೋಡಿದರೆ, ಬೆಂಗಳೂರಿನ ಒಂದು ಇಡೀ ತಲೆಮಾರು ಏನು ಮಾಡಿ ಅನ್ನ ತಿಂದಿತೆಂಬುದು ಕಣ್ಣಿಗೆ ಕಟ್ಟುತ್ತದೆ. 40,000ವನ್ನು ಈ ಅಂಕಣಕಾರ ಸಂತೋಷದಿಂದ ಕೊಟ್ಟದ್ದು ಅದಕ್ಕೆ.

ಉಳಿದ ಖರ್ಚು ಬೇಗ ಹೇಳಿ ಮುಗಿಸಬಹುದು. ಎಸ್‌ಡಿ ಕಾರ್ಡನ್ನೇ ಸ್ಕಸಿ ಡಿಸ್ಕ್ ಎಂದು ಯಂತ್ರವನ್ನು ನಂಬಿಸುವ ಬೋರ್ಡಿಗೆ ಕೊರಿಯರ್, ಸುಂಕ ಎಲ್ಲ ಸೇರಿ 9,000. ಯುಪಿಎಸ್ 6,500. ಬಳಸಿದ ಎಲ್‌ಸಿಡಿ ಪರದೆ, ಸನ್ ಯಂತ್ರದ ವಿಚಿತ್ರ ಸಾಕೆಟ್ಟಿಗೆ ಹೊಂದುವ ಅಡಾಪ್ಟರ್ ಎರಡಕ್ಕೂ 3,500. ಮೆಮೊರಿ 3,000. ಪವರ್ ಸಪ್ಲೈನ ಸೋರಿದ ಕಪಾಸಿಟರ್ ಬದಲಿಸಿದ ಕೂಲಿ 1,800.

ಇದರಲ್ಲಿ ಕ್ರೆಡಿಟ್ ಕಾರ್ಡ್ ಉಜ್ಜಿದ್ದು 24,000ದಷ್ಟು. ಮರುವಾರವೇ ಬ್ಯಾಂಕಿನಿಂದ ಫೋನು ಬಂತು: “ತಿಂಗಳಿಗೆ ಬರೀ ಒಂದು ಪರ್ಸೆಂಟ್ ಸರ್, 12 ಕಂತು ಮಾಡಿಕೊಡ್ತೀವಿ.” ಈ ಫ್ಲಾಟ್ ದರದ ಕಂತನ್ನು ಕಂಡರೆ ಈ ಅಂಕಣಕಾರನಿಗೆ ಸಹನೆ ಉಳಿಯುವುದಿಲ್ಲ. 24,000ಕ್ಕೆ 2,880 ಬಡ್ಡಿ, ಕಂತು 2,240. ಅಸಲು ತಿಂಗಳು ತಿಂಗಳು ಕರಗುತ್ತಿದ್ದರೂ ಬಡ್ಡಿ ಮಾತ್ರ ಪೂರ್ತಿ 24,000ದ ಮೇಲೆಯೇ! ನಿಜವಾದ ವಾರ್ಷಿಕ ದರ ಶೇಕಡಾ 21 ದಾಟುತ್ತದೆ. ಬಡ್ಡಿಯ ಮೇಲಿನ ಜಿಎಸ್‌ಟಿ, ಸಂಸ್ಕರಣಾ ಶುಲ್ಕ ಬೇರೆ. ಮೂವತ್ತು ವರ್ಷದ ಹಳೆ ಯಂತ್ರದ ಮೇಲೆ ಸಾಲ ಮಾಡಬೇಡಿ. ಕಂತಿನಲ್ಲಿ ಕೊಳ್ಳಬೇಕಾದಷ್ಟು ತುರ್ತು ಈ ಹವ್ಯಾಸದಲ್ಲಿ ಯಾವುದಕ್ಕೂ ಇಲ್ಲ.

ಇಷ್ಟೆಲ್ಲ ಒಮ್ಮೆ ಆಗಿ ಮುಗಿಯುವ ಖರ್ಚು. ತಿಂಗಳು ತಿಂಗಳು ಬರುವುದು ಕರೆಂಟು, ಅದರ ಲೆಕ್ಕವನ್ನು ನಿಧಾನವಾಗಿ ಹಾಕಬೇಕು.

ಯಂತ್ರ, ಹೊರಗಿನ ಡ್ರೈವ್ ಪೆಟ್ಟಿಗೆ, ಯುಪಿಎಸ್ ನುಂಗುವುದು ಸೇರಿ ಸುಮಾರು 100 ವ್ಯಾಟ್. ಜೊತೆಗೆ ಬಂದ ಹಳೆ ಗಾಜಿನ ಮಾನಿಟರ್ 150. ಒಟ್ಟು 250 ವ್ಯಾಟ್, ದಿನಕ್ಕೆ ನಾಲ್ಕು ತಾಸು ಓಡಿಸಿದರೆ ಒಂದು ಯೂನಿಟ್, ತಿಂಗಳಿಗೆ 30. ಯೂನಿಟ್ಟಿಗೆ ಹತ್ತಿರ ಹತ್ತಿರ 6 ರೂಪಾಯಿ ಹಿಡಿದರೆ 180 ರೂಪಾಯಿ. ಇಷ್ಟೇ ತಾನೇ ಅನಿಸುತ್ತದೆ. ಆದರೆ ಮನೆ ರಾಜ್ಯ ಸರ್ಕಾರದ ಉಚಿತ ವಿದ್ಯುತ್ ಯೋಜನೆಯಾದ ಗೃಹಜ್ಯೋತಿಯಲ್ಲಿದೆ. 2022-23ರ ಸರಾಸರಿ ಬಳಕೆಯ ಮೇಲೆ ಒಂದಿಷ್ಟು ಸೇರಿಸಿ 175 ಯೂನಿಟ್‌ವರೆಗೆ ಶೂನ್ಯ ಬಿಲ್. ಮನೆಯವರು ಬಳಸುವುದೂ ಹೆಚ್ಚುಕಡಿಮೆ ಅಷ್ಟೇ. ಅರ್ಹತೆ ಮೀರಿದರೂ 200ರೊಳಗಿದ್ದರೆ ಮೀರಿದ ಯೂನಿಟ್ಟಿಗೆ ಮಾತ್ರ ದುಡ್ಡು. 200 ದಾಟಿದರೆ ಇಡೀ ಬಿಲ್ಲನ್ನೇ ಕಟ್ಟಬೇಕು.

175ಕ್ಕೆ 30 ಸೇರಿಸಿ: 205. ಆರರಂತೆ 1,230 ರೂಪಾಯಿ. ನಿಗದಿತ ಶುಲ್ಕ, ತೆರಿಗೆ ಅದರ ಮೇಲೆ. ಯಂತ್ರ ಉಂಡದ್ದು 30 ಯೂನಿಟ್, ಅಂದರೆ ಒಂದೊಂದಕ್ಕೂ 41 ರೂಪಾಯಿ ಬಿದ್ದಂತಾಯಿತು. ಈಗ ಗಾಜಿನ ಮಾನಿಟರ್ ತೆಗೆದು 25 ವ್ಯಾಟ್‌ನ ಎಲ್‌ಸಿಡಿ ಇಡಿ. ಒಟ್ಟು 125 ವ್ಯಾಟ್, ತಿಂಗಳಿಗೆ 15 ಯೂನಿಟ್, ಮನೆಯ ಬಳಕೆ 190. ಕಟ್ಟಬೇಕಾದದ್ದು 15 ಯೂನಿಟ್ಟಿಗೆ 90 ರೂಪಾಯಿ. ವ್ಯತ್ಯಾಸ ತಿಂಗಳಿಗೆ 1,140. ಎಲ್‌ಸಿಡಿಗೂ ಅಡಾಪ್ಟರಿಗೂ ಹಾಕಿದ 3,500 ಮೂರು ತಿಂಗಳ ಸುಮಾರಿಗೆ ವಾಪಸ್. ಇಡೀ 40,000ದಲ್ಲಿ ದುಡ್ಡನ್ನು ಮರಳಿ ತಂದ ಖರ್ಚು ಇದೊಂದೇ. ಮಾನಿಟರಿನ ಅಂದಕ್ಕೆ ಮರುಳಾಗುವವರು ಅದನ್ನು ಭಾನುವಾರ ಮಾತ್ರ ಹಚ್ಚಲಿ.

ಯಂತ್ರವೇ ಬೇಡ, ತಂತ್ರಾಂಶ ನೋಡಿದರೆ ಸಾಕು ಎನ್ನುವವರಿಗೆ ಕೆಮು ಎಂಬ ಎಮ್ಯುಲೇಟರ್ ಉಚಿತ. ಇದೇ ಸ್ಪಾರ್ಕ್‌ಸ್ಟೇಷನ್ 5ನ್ನು ಲ್ಯಾಪ್‌ಟಾಪಿನೊಳಗೆ ಅನುಕರಿಸಿ ಸೊಲಾರಿಸ್ 2.6 ಓಡಿಸುತ್ತದೆ. ಮೊದಲು ಅದರಲ್ಲಿ ಕೆಲವು ತಿಂಗಳು ಕಳೆದು, ಆಮೇಲೂ ಆಸೆ ತೀರದಿದ್ದರೆ ಕೊಳ್ಳಲಿ. ಬೆಲೆ ಏರುತ್ತದೆಂದು ಕೊಳ್ಳುವವರು ಮಾತ್ರ ಈ ಕಡೆ ಬರುವುದೇ ಬೇಡ. 2014ರಲ್ಲಿ ಆಪಲ್-1 ಒಂದು ಹರಾಜಿನಲ್ಲಿ 9,05,000 ಡಾಲರಿಗೆ ಹೋದದ್ದು ನಿಜ. ಆದರೆ ಸ್ಪಾರ್ಕ್‌ಸ್ಟೇಷನ್ ಮಾರಲು ಹೊರಟರೆ ನಮ್ಮಲ್ಲಿ ಕೇಳುವವರು ಬೆರಳೆಣಿಕೆಯಷ್ಟು ಜನ.

ಇನ್ನು ಅಭ್ಯಾಸದ ಮಾತು. ಜಾಲ ವಿಳಾಸವನ್ನು ಕಾಗದದ ಮೇಲೆ ಬರೆದು ಮುಚ್ಚಳದ ಒಳಮೈಗೆ ಅಂಟಿಸಿ. ಹಳೆ ಡಿಸ್ಕಿನಲ್ಲಿ ಯಾವುದೋ ಕಂಪನಿಯ ಕಡತ ಉಳಿದಿದ್ದರೆ ತೆರೆದು ನೋಡದೆ ಅಳಿಸಿ, ಆಪರೇಟಿಂಗ್ ಸಿಸ್ಟಮ್ಮನ್ನಷ್ಟೇ ನಕಲು ಮಾಡಿಟ್ಟುಕೊಳ್ಳಿ. ಪ್ರತಿ ಬಿಡಿಭಾಗದ ರಸೀತಿಯನ್ನೂ ಒಂದೇ ಪುಸ್ತಕಕ್ಕೆ ಏರಿಸಿ. ಸ್ವಿಚ್ಚನ್ನು ಗೋಡೆಯಲ್ಲೇ ಆರಿಸಿ. ಮೊದಲನೆಯ ಯಂತ್ರ ಪೂರ್ತಿ ಓಡುವವರೆಗೆ ಎರಡನೆಯದಕ್ಕೆ ಮುಂಗಡ ಕೊಡಬೇಡಿ. ಹವ್ಯಾಸಕ್ಕೆ ವರ್ಷಕ್ಕಿಷ್ಟು ಎಂದು ಬೇರೆ ಖಾತೆಯಲ್ಲಿ ತೆಗೆದಿಡಿ, ಅಲ್ಲಿ ಮುಗಿದರೆ ಏಪ್ರಿಲ್‌ವರೆಗೆ ಕಾಯಿರಿ. ಮನೆಯವರಿಗೆ ಲೆಕ್ಕ ತೋರಿಸಿ. ಮುಚ್ಚಿಟ್ಟ ಹವ್ಯಾಸಕ್ಕೆ ಖರ್ಚೂ ಹೆಚ್ಚು, ಜಗಳವೂ ಹೆಚ್ಚು.

ಈಚೆಗೆ ಇನ್ನೊಂದು ಯಂತ್ರದ ಸುದ್ದಿ ಬಂದಿದೆ. ಸಿಲಿಕಾನ್ ಗ್ರಾಫಿಕ್ಸ್ 1996ರಲ್ಲಿ ಹೊರತಂದ ಓ2, ನೀಲಿ ಬಣ್ಣದ್ದು, ಕೇಳುತ್ತಿರುವ ಬೆಲೆ 30,000. 14,000ದ್ದು 40,000 ಆದ ಲೆಕ್ಕದಲ್ಲೇ ನೋಡಿದರೆ ಇದು ಸುಮಾರು 85,000ದ ಯಂತ್ರ. ಅಷ್ಟು ದುಡ್ಡು ಈ ವರ್ಷದ ಹವ್ಯಾಸದ ಖಾತೆಯಲ್ಲಿಲ್ಲ. ಏಪ್ರಿಲ್ ಕಳೆದ ಮೇಲೆ ನೋಡೋಣವೆಂದು ಮಾರುವವರಿಗೆ ಹೇಳಿ ಕಳಿಸಿದ್ದಾಗಿದೆ.