ಕಾರ್ಡ್ ಸತ್ತಿಲ್ಲ, ಕೀಲಿ ನೋಂದಣಿಯಾಗಿಲ್ಲ

ಪ್ರಶ್ನೆ: ನಾನು ಚೆನ್ನೈನ ಟಿ. ನಗರದಲ್ಲಿ ಒಡವೆ ಡಿಸೈನ್ ಮಾಡುವವಳು. ಜುಮುಕಿ, ಬಳೆ, ನೆಕ್ಲೇಸುಗಳ ಮಾದರಿಯನ್ನು ಬ್ಲೆಂಡರ್‌ನಲ್ಲಿ ಮಾಡಿ ಅಂಗಡಿಯವರಿಗೆ ಚಿತ್ರ ಕಳಿಸುತ್ತೇನೆ. ರಿಚ್ಚಿ ಸ್ಟ್ರೀಟಿನಲ್ಲಿ ಸೆಕೆಂಡ್ ಹ್ಯಾಂಡ್ ಲ್ಯಾಪ್‌ಟಾಪ್ ಒಂದನ್ನು ಕೊಂಡೆ. ಇಂಟೆಲ್ ಗ್ರಾಫಿಕ್ಸ್ ಜೊತೆಗೆ ಎನ್ವಿಡಿಯಾ ಜಿಟಿಎಕ್ಸ್ 1650 ಇದೆ. ವಿಂಡೋಸ್ ತೆಗೆದು ಉಬುಂಟು ಹಾಕಿದ ಮೇಲೆ ಬ್ಲೆಂಡರ್‌ನಲ್ಲಿ ಎನ್ವಿಡಿಯಾ ಹೆಸರೇ ಕಾಣುತ್ತಿಲ್ಲ. ಎಚ್‌ಡಿಎಂಐ ಕೇಬಲ್ ಹಾಕಿದರೆ ಟಿವಿಯಲ್ಲಿ ಏನೂ ಬರುವುದಿಲ್ಲ. ಒಮ್ಮೆ ಪರದೆ ಕಪ್ಪಾಗಿತ್ತೆಂದು ಯಾರೋ ಹೇಳಿದಂತೆ ಗ್ರಬ್‌ನಲ್ಲಿ ನೋಮೋಡ್‌ಸೆಟ್ ಸೇರಿಸಿದೆ. ಆಗಿನಿಂದ ಬ್ರೈಟ್‌ನೆಸ್ ಕೀಲಿಯೂ ಕೆಲಸ ಮಾಡುತ್ತಿಲ್ಲ, ಫ್ಯಾನ್ ನಿಲ್ಲುವುದೇ ಇಲ್ಲ. ಡ್ರೈವರ್ ಹಾಕಿ ರೀಸ್ಟಾರ್ಟ್ ಮಾಡಿದಾಗ ನೀಲಿ ಪರದೆಯೊಂದು ಬಂದಿತ್ತು, ಹೆದರಿ ‘ಕಂಟಿನ್ಯೂ ಬೂಟ್’ ಒತ್ತಿಬಿಟ್ಟೆ. ರಿಪೇರಿಯವರು ‘ಚಿಪ್ ಹೋಗಿದೆ, ಬೋರ್ಡ್ ಬದಲಿಸಬೇಕು’ ಅನ್ನುತ್ತಾರೆ. ಬದಲಿಸಲೇ?
— ಓದುಗರು, ಟಿ. ನಗರ, ಚೆನ್ನೈ

ಉತ್ತರ: ಸದ್ಯಕ್ಕೆ ಬೇಡ. ನಿಮ್ಮ ಪತ್ರದಲ್ಲಿ ಬೋರ್ಡ್ ಹೋಗಿದೆ ಅನ್ನುವುದಕ್ಕೆ ಒಂದು ಸುಳಿವೂ ಇಲ್ಲ. ಡ್ರೈವರ್ ಒಳಗೆ ಬಂದಿಲ್ಲ ಅನ್ನುವುದಕ್ಕೆ ಮಾತ್ರ ಬೇಕಾದಷ್ಟಿವೆ, ಅದರಲ್ಲೂ ಆ ನೀಲಿ ಪರದೆ. ರಿಪೇರಿಯವರನ್ನು ದೂರುವುದೂ ಬೇಡ. ಇಡೀ ದಿನ ಬೋರ್ಡ್ ಬಿಚ್ಚಿ ಬೆಸುಗೆ ಹಾಕುವವರಿಗೆ ರೋಗವೆಲ್ಲ ಬೋರ್ಡಿನಲ್ಲೇ ಕಾಣುತ್ತದೆ. ನಿಮ್ಮೂರಿಗೆ ಲಿನಕ್ಸ್ ಹೊಸದೂ ಅಲ್ಲ. ಚೆನ್ನೈನ ಸಿ-ಡ್ಯಾಕ್‌ನವರು ಡೆಬಿಯನ್ ಆಧರಿಸಿ ಬಾಸ್ ಲಿನಕ್ಸ್ ಹೊರತಂದದ್ದು 2007ರಲ್ಲಿ. 2011ರಿಂದ ತಮಿಳುನಾಡು ಸರ್ಕಾರ ವಿದ್ಯಾರ್ಥಿಗಳಿಗೆ ಹಂಚಿದ ಲ್ಯಾಪ್‌ಟಾಪ್‌ಗಳಲ್ಲಿ ವಿಂಡೋಸ್ ಪಕ್ಕದಲ್ಲೇ ಅದೂ ಇತ್ತು. ಹುಡುಕಿದರೆ ಲಿನಕ್ಸ್ ಬಲ್ಲವರು ಅಲ್ಲೇ ಸಿಕ್ಕಾರು.

ಮೊದಲು ನಿಮ್ಮ ಲ್ಯಾಪ್‌ಟಾಪಿನ ಒಳಗೆ ಯಾರ ಕೆಲಸ ಏನು ಅಂತ ನೋಡೋಣ. ಪರದೆಯ ತಂತಿ ಹೋಗುವುದು ಇಂಟೆಲ್ ಚಿಪ್‌ಗೆ. ಎನ್ವಿಡಿಯಾಗೂ ಆ ಪರದೆಗೂ ನೇರ ಸಂಪರ್ಕ ಇಲ್ಲ. ಅದು ಚಿತ್ರ ಬರೆದು ಇಂಟೆಲ್‌ನ ಕೈಗೆ ಕೊಡುತ್ತದೆ, ಇಂಟೆಲ್ ಅದನ್ನು ಪರದೆಗೆ ಹಾಕುತ್ತದೆ. ಅಡುಗೆ ಯಾರೇ ಮಾಡಲಿ, ಬಡಿಸುವವರು ಒಬ್ಬರೇ. ಎನ್ವಿಡಿಯಾ ಕಂಪನಿ 2010ರಲ್ಲಿ ಆಪ್ಟಿಮಸ್ ಅನ್ನುವ ಹೆಸರಿನಲ್ಲಿ ಈ ಏರ್ಪಾಡು ತಂದಿತು. ಬೇಡದಾಗ ದೊಡ್ಡ ಚಿಪ್ ಮಲಗಿದರೆ ಬ್ಯಾಟರಿ ಉಳಿಯುತ್ತದೆ ಅನ್ನುವುದು ಲೆಕ್ಕಾಚಾರ. ಆದರೆ ಬಹಳಷ್ಟು ಲ್ಯಾಪ್‌ಟಾಪ್‌ಗಳಲ್ಲಿ ಎಚ್‌ಡಿಎಂಐ ಕಿಂಡಿಯನ್ನು ನೇರವಾಗಿ ಎನ್ವಿಡಿಯಾಗೇ ಜೋಡಿಸಿರುತ್ತಾರೆ. ಒಳಗಿನ ಪರದೆ ಸರಿಯಿದ್ದು ಟಿವಿ ಮಾತ್ರ ಖಾಲಿ ಇದ್ದರೆ ಮೊದಲು ಅನುಮಾನಿಸಬೇಕಾದದ್ದು ಕೇಬಲನ್ನಲ್ಲ, ಎನ್ವಿಡಿಯಾ ಡ್ರೈವರನ್ನು.

ಈಗ ನಿಮ್ಮ ನೀಲಿ ಪರದೆ. ಸೆಕ್ಯೂರ್ ಬೂಟ್ ಆನ್ ಇದ್ದಾಗ ತಾನು ನಂಬುವ ಸಹಿ ಇಲ್ಲದ ಯಾವ ಡ್ರೈವರನ್ನೂ ಉಬುಂಟುವಿನ ಕರ್ನೆಲ್ ಒಳಗೆ ಬಿಡುವುದಿಲ್ಲ. ಉಬುಂಟುವಿನವರೇ ಕಟ್ಟಿ ಸಹಿ ಹಾಕಿದ ಎನ್ವಿಡಿಯಾ ಡ್ರೈವರ್ ಬಂದರೆ ತಕರಾರಿಲ್ಲ. ಡ್ರೈವರ್ ನಿಮ್ಮ ಯಂತ್ರದಲ್ಲೇ ಕಟ್ಟಿಕೊಂಡದ್ದಾದರೆ ನಿಮ್ಮ ಯಂತ್ರವೇ ಒಂದು ಕೀಲಿ ಮಾಡಿ ಅದರಿಂದ ಸಹಿ ಹಾಕುತ್ತದೆ. ಆ ಕೀಲಿಯನ್ನು ನಂಬಬಹುದು ಎಂದು ಯಂತ್ರದ ಎದುರು ಕೂತ ಮನುಷ್ಯರೇ ಹೇಳಬೇಕು. ಅದಕ್ಕೇ ಡ್ರೈವರ್ ಹಾಕುವಾಗ ಒಂದು ಪಾಸ್‌ವರ್ಡ್ ಕೇಳುವುದು, ರೀಸ್ಟಾರ್ಟ್ ಆದಾಗ ಆ ನೀಲಿ ಪರದೆ ಬರುವುದು. ಹತ್ತು ಸೆಕೆಂಡ್ ಕಾದು, ಯಾರೂ ಮುಟ್ಟದಿದ್ದರೆ ಅದು ತಾನಾಗಿ ಮುಂದೆ ಹೋಗುತ್ತದೆ. ‘ಕಂಟಿನ್ಯೂ’ ಒತ್ತಿದರೂ ಅಷ್ಟೇ, ಕೀಲಿ ನೋಂದಣಿಯಾಗದೆ ಉಳಿಯುತ್ತದೆ. ಮುಂದಿನ ಸಲ ಆ ಪರದೆ ಮತ್ತೆ ಬರುವುದೂ ಇಲ್ಲ. ಇಷ್ಟು ಮುಖ್ಯವಾದ ಪ್ರಶ್ನೆಯನ್ನು ಇಷ್ಟು ಹೆದರಿಸುವ ಬಣ್ಣದಲ್ಲಿ, ಇಷ್ಟು ಅವಸರದಲ್ಲಿ ಕೇಳುವವರ ಬಗ್ಗೆ ನನಗೆ ಒಳ್ಳೆಯ ಅಭಿಪ್ರಾಯವಿಲ್ಲ.

ಇನ್ನೊಂದು ತೊಡಕಿದೆ. ಎನ್ವಿಡಿಯಾ ಡ್ರೈವರ್ ಪ್ಯಾಕೇಜ್ ಬಂದ ಕೂಡಲೇ ನೂವೋ ಅನ್ನುವ ಮುಕ್ತ ಡ್ರೈವರನ್ನು ತಡೆದುಬಿಡುತ್ತದೆ. ನೂವೋಗೆ ಬಾಗಿಲು ಮುಚ್ಚಿತು, ಎನ್ವಿಡಿಯಾವನ್ನು ಕರ್ನೆಲ್ ಒಳಗೆ ಬಿಡಲಿಲ್ಲ. ಹೀಗಾಗಿ ಚಿಪ್‌ಗೆ ಈಗ ವಾರಸುದಾರರೇ ಇಲ್ಲ. ಮಲಗು ಎಂದು ಹೇಳುವವರೂ ಇಲ್ಲದ್ದರಿಂದ ಅದು ಸುಮ್ಮನೆ ಎಚ್ಚರವಾಗಿದ್ದು ಬ್ಯಾಟರಿ ತಿನ್ನುತ್ತದೆ. ಇದರ ಮೇಲೆ ನಿಮ್ಮ ನೋಮೋಡ್‌ಸೆಟ್. ಅದು ಇಂಟೆಲ್‌ನ ಡ್ರೈವರನ್ನೂ ಕಟ್ಟಿಹಾಕುತ್ತದೆ. ಸೆಟ್ಟಿಂಗ್ಸ್‌ನ ‘ಅಬೌಟ್’ ಪುಟದಲ್ಲಿ ಗ್ರಾಫಿಕ್ಸ್ ಎದುರಿಗೆ ‘ಎಲ್‌ಎಲ್‌ವಿಎಂಪೈಪ್’ ಎಂದಿದೆಯೇ ನೋಡಿ. ಇದ್ದರೆ ಪರದೆಯ ಮೇಲಿನ ಪ್ರತಿ ಕಿಟಕಿಯನ್ನೂ ಪ್ರೊಸೆಸರ್ ಒಂದೇ ಕೈಯಿಂದ ಬರೆಯುತ್ತಿದೆ ಎಂದರ್ಥ. ಬ್ರೈಟ್‌ನೆಸ್ ಕೀಲಿ ಸತ್ತದ್ದೂ ಫ್ಯಾನ್ ನಿಲ್ಲದಿರುವುದೂ ಇದರಿಂದಲೇ. ಕಪ್ಪು ಪರದೆ ಬಂದ ದಿನ ಒಮ್ಮೆ ಒಳಗೆ ಹೋಗಲಿಕ್ಕೆ ನೋಮೋಡ್‌ಸೆಟ್ ಒಳ್ಳೆಯ ಉಪಾಯ, ಆದರೆ ಅದನ್ನು ಅಲ್ಲೇ ಬಿಟ್ಟವರು ಮಾಮೂಲಿ ಹೀಗೇ ಒದ್ದಾಡುತ್ತಾರೆ.

ಇನ್ನು ಪರೀಕ್ಷೆ. ಗ್ರಬ್‌ನ ಸೆಟ್ಟಿಂಗ್ ಕಡತದಿಂದ ನೋಮೋಡ್‌ಸೆಟ್ ತೆಗೆದು, ಗ್ರಬ್ ಅಪ್‌ಡೇಟ್ ಮಾಡಿ, ರೀಸ್ಟಾರ್ಟ್ ಮಾಡಿ. ಆಮೇಲೆ ಟರ್ಮಿನಲ್ ತೆರೆದು ಸುಡೋ ಜೊತೆ ಮೋಡ್‌ಪ್ರೋಬ್ ಆದೇಶದಿಂದ ಎನ್ವಿಡಿಯಾ ಮಾಡ್ಯೂಲನ್ನು ಕೈಯಾರೆ ಕರೆಯಿರಿ. ಅದು ಏನು ಬೈಯುತ್ತದೆ ಅನ್ನುವುದರ ಮೇಲೆ ಎಲ್ಲ ನಿಂತಿದೆ. ‘ಕೀ ವಾಸ್ ರಿಜೆಕ್ಟೆಡ್ ಬೈ ಸರ್ವಿಸ್’ ಎಂದರೆ ಮೇಲೆ ಹೇಳಿದ ಕೀಲಿಯ ತಕರಾರು. ನಿಮ್ಮದು ಇದೇ ಎಂದು ನನ್ನ ಊಹೆ. ‘ಮಾಡ್ಯೂಲ್ ನಾಟ್ ಫೌಂಡ್’ ಎಂದರೆ ಕರ್ನೆಲ್ ಅಪ್‌ಡೇಟ್ ಆದಾಗ ಡ್ರೈವರ್ ಹೊಸದಾಗಿ ಕಟ್ಟಿಕೊಂಡಿಲ್ಲ. ಆ ಕರ್ನೆಲ್‌ನ ಹೆಡರ್ಸ್ ಪ್ಯಾಕೇಜ್ ಹಾಕಿದರೆ ಸಾಮಾನ್ಯವಾಗಿ ಸರಿಹೋಗುತ್ತದೆ. ‘ನೋ ಸಚ್ ಡಿವೈಸ್’ ಎಂದರೆ ಡ್ರೈವರಿಗೆ ತನ್ನ ಕಾರ್ಡೇ ಸಿಗುತ್ತಿಲ್ಲ, ಅದಕ್ಕೆ ಕೊನೆಯಲ್ಲಿ ಬರುತ್ತೇನೆ.

ಕೀಲಿಯದೇ ತಕರಾರಾದರೆ ಮೊಕ್‌ಯುಟಿಲ್ ಆದೇಶದಿಂದ ಅದನ್ನು ಮತ್ತೊಮ್ಮೆ ಇಂಪೋರ್ಟ್ ಮಾಡಿ. ಉಬುಂಟುವಿನಲ್ಲಿ ಅದು ವಾರ್ ಫೋಲ್ಡರಿನೊಳಗೆ ಲಿಬ್, ಅದರೊಳಗೆ ಶಿಮ್-ಸೈನ್ಡ್, ಅದರೊಳಗೆ ಮೊಕ್ ಅನ್ನುವ ಫೋಲ್ಡರಿನಲ್ಲಿ ಇರುತ್ತದೆ. ಒಂದು ಪಾಸ್‌ವರ್ಡ್ ಕೇಳುತ್ತದೆ, ಒಂದೇ ಸಲಕ್ಕೆ ಬೇಕಾದದ್ದು, ಸುಲಭದ್ದು ಕೊಡಿ. ರೀಸ್ಟಾರ್ಟ್ ಮಾಡಿ, ಕಾಫಿಗೆಂದು ಎದ್ದು ಹೋಗಬೇಡಿ. ನೀಲಿ ಪರದೆ ಬಂದ ತಕ್ಷಣ ಯಾವುದಾದರೂ ಕೀಲಿ ಒತ್ತಿ, ‘ಎನ್‌ರೋಲ್ ಮೊಕ್’ ಆರಿಸಿ. ‘ಕಂಟಿನ್ಯೂ’, ‘ಯೆಸ್’, ಅದೇ ಪಾಸ್‌ವರ್ಡ್, ‘ರೀಬೂಟ್’. ಸೆಕ್ಯೂರ್ ಬೂಟನ್ನೇ ಬಯೋಸ್‌ನಲ್ಲಿ ಆಫ್ ಮಾಡುವುದು ಇದಕ್ಕಿಂತ ಸುಲಭ, ನಿಮ್ಮಂತೆ ಉಬುಂಟು ಒಂದನ್ನೇ ಇಟ್ಟುಕೊಂಡವರು ಮಾಡಿದರೆ ನಾನು ಬೇಡ ಅನ್ನುವುದಿಲ್ಲ. ವಿಂಡೋಸ್ ಕೂಡ ಇಟ್ಟುಕೊಂಡು ಬಿಟ್‌ಲಾಕರ್ ಹಾಕಿದವರು ಮಾತ್ರ ರಿಕವರಿ ಕೀ ಕೈಯಲ್ಲಿಟ್ಟುಕೊಂಡೇ ಅದಕ್ಕೆ ಕೈಹಾಕಬೇಕು.

ಡ್ರೈವರನ್ನು ಉಬುಂಟುವಿನ ‘ಅಡಿಷನಲ್ ಡ್ರೈವರ್ಸ್’ ಕಿಟಕಿಯಿಂದಲೇ ಹಾಕಿಕೊಳ್ಳಿ. ಎನ್ವಿಡಿಯಾ ತಾಣದಿಂದ ಇಳಿಸಿಕೊಳ್ಳುವ ಇನ್‌ಸ್ಟಾಲರ್ ನಿಮಗೆ ಬೇಡ, ಉಬುಂಟುವಿನ ಅಪ್‌ಡೇಟಿಗೂ ಅದಕ್ಕೂ ಹೊಂದಾಣಿಕೆಯಿಲ್ಲ. ಹುಡುಕುವಾಗ ಬಂಬಲ್‌ಬೀ, ಆಪ್ಟಿರನ್ ಎಂಬ ಹೆಸರಿರುವ ಲೇಖನ ಸಿಕ್ಕರೆ ಓದದೆ ಮುಚ್ಚಿ. ಎನ್ವಿಡಿಯಾ ಆಪ್ಟಿಮಸ್‌ಗೆ ಲಿನಕ್ಸ್‌ನಲ್ಲಿ ಏನೂ ಮಾಡದಿದ್ದ ಕಾಲದಲ್ಲಿ, 2011ರಲ್ಲಿ, ಹವ್ಯಾಸಿಗಳು ಕಟ್ಟಿಕೊಂಡ ತಾತ್ಕಾಲಿಕ ಸೇತುವೆ ಅದು. ಅದರ ಇನ್‌ಸ್ಟಾಲ್ ಸ್ಕ್ರಿಪ್ಟಿನಲ್ಲಿ ಒಂದೇ ಒಂದು ಸ್ಪೇಸ್ ಹೆಚ್ಚಾಗಿ ಬಿದ್ದು ಕೆಲವರ ಯಂತ್ರದ ಯುಎಸ್ಆರ್ ಫೋಲ್ಡರ್ ಪೂರ್ತಿ ಅಳಿಸಿಹೋಗಿತ್ತು! 2012ರಲ್ಲಿ ಫಿನ್ಲೆಂಡಿನ ಆಲ್ಟೊ ವಿಶ್ವವಿದ್ಯಾಲಯದ ಸಭೆಯಲ್ಲಿ ಲಿನಕ್ಸ್‌ನ ಜನಕ ಲಿನಸ್ ಟೊರ್ವಾಲ್ಡ್ಸ್ ಎನ್ವಿಡಿಯಾಗೆ ನಡುಬೆರಳು ತೋರಿಸಿದ್ದು ಇದೇ ವಿಷಯಕ್ಕೆ. ಸಭಿಕರಲ್ಲೊಬ್ಬ ಮಹಿಳೆ ತಮ್ಮ ಆಪ್ಟಿಮಸ್ ಲ್ಯಾಪ್‌ಟಾಪಿನ ಪಾಡು ಹೇಳಿಕೊಂಡಿದ್ದರು. ನಿಮ್ಮ ಪತ್ರ ಆಗ ಬಂದಿದ್ದರೆ ನನ್ನ ಉತ್ತರ ಬೇರೆಯೇ ಆಗುತ್ತಿತ್ತು. ಬೇಕಾದ ಪ್ರೋಗ್ರಾಂ ಒಂದನ್ನು ಮಾತ್ರ ಎನ್ವಿಡಿಯಾಗೆ ವಹಿಸುವ ಸೌಲಭ್ಯ ಕಂಪನಿಯ ಸ್ವಂತ ಡ್ರೈವರಿನಲ್ಲಿ ಬಂದದ್ದು 2019ರಲ್ಲಿ.

ಡ್ರೈವರ್ ಒಳಗೆ ಬಂದ ಮೇಲೆ, ಯಾವ ಚಿಪ್ ಬಳಸಬೇಕೆಂದು ಹೇಳುವ ಪ್ರೈಮ್ ಸೆಟ್ಟಿಂಗನ್ನು ‘ಆನ್-ಡಿಮಾಂಡ್’ನಲ್ಲಿ ಇಡಿ. ಬ್ಲೆಂಡರ್‌ನ ಪ್ರಿಫರೆನ್ಸಸ್‌ನಲ್ಲಿ ಸಿಸ್ಟಂಗೆ ಹೋಗಿ ಕುಡಾ ಆರಿಸಿ, 1650ಗೆ ಟಿಕ್ ಹಾಕಿ. ಆಮೇಲೆ ರೆಂಡರ್ ಪ್ರಾಪರ್ಟೀಸ್‌ನಲ್ಲಿ ಸೈಕಲ್ಸ್‌ನ ಡಿವೈಸನ್ನು ‘ಜಿಪಿಯು ಕಂಪ್ಯೂಟ್’ಗೆ ಬದಲಿಸಿದರೆ ಕೊನೆಯ ರೆಂಡರ್ ಎನ್ವಿಡಿಯಾಗೆ ಹೋಗುತ್ತದೆ. ಜುಮುಕಿಯನ್ನು ತಿರುಗಿಸಿ ನೋಡುವ ವ್ಯೂಪೋರ್ಟ್ ಮಾತ್ರ ಇಂಟೆಲ್‌ನಲ್ಲೇ ಉಳಿದಿರುತ್ತದೆ. ಮುತ್ತು ಹರಳುಗಳು ತುಂಬಿದ ಮಾದರಿ ಅಲ್ಲಿ ತಡವರಿಸಿದರೆ ಬ್ಲೆಂಡರ್ ಐಕಾನ್ ಮೇಲೆ ರೈಟ್ ಕ್ಲಿಕ್ ಮಾಡಿ, ‘ಲಾಂಚ್ ಯೂಸಿಂಗ್ ಡಿಸ್ಕ್ರೀಟ್ ಗ್ರಾಫಿಕ್ಸ್ ಕಾರ್ಡ್’ ಆರಿಸಿ ತೆರೆಯಿರಿ.

ಬ್ಯಾಟರಿಯ ಬಗ್ಗೆ ಒಂದು ತಮಾಷೆ. ಚಿಪ್ ಮಲಗಿದೆಯೇ ಎಂದು ನೋಡಲು ಜನ ಎನ್ವಿಡಿಯಾ-ಎಸ್‌ಎಂಐ ಓಡಿಸುತ್ತಾರೆ. ಆ ಆದೇಶವೇ ಮಲಗಿದ ಚಿಪ್ಪನ್ನು ಎಬ್ಬಿಸುತ್ತದೆ. ಯಾವಾಗ ನೋಡಿದರೂ ಎಚ್ಚರವಾಗಿಯೇ ಇದೆ ಎಂದು ಆಮೇಲೆ ದೂರುತ್ತಾರೆ. ಸಿಸ್ ಫೋಲ್ಡರಿನಲ್ಲಿ ಆ ಕಾರ್ಡಿನ ಪವರ್ ವಿಭಾಗದಲ್ಲಿರುವ ರನ್‌ಟೈಮ್-ಸ್ಟೇಟಸ್ ಕಡತ ಓದಿದರೆ ನಿದ್ದೆ ಕೆಡುವುದಿಲ್ಲ. ‘ಸಸ್ಪೆಂಡೆಡ್’ ಎಂದಿದ್ದರೆ ಮಲಗಿದೆ.

ಇಷ್ಟೆಲ್ಲ ಮಾಡಿಯೂ ಕಾರ್ಡ್ ಏಳದಿದ್ದರೆ ಆಗ ಬೋರ್ಡಿನ ಮಾತು. ಎಲ್‌ಎಸ್‌ಪಿಸಿಐ ಆದೇಶದ ಪಟ್ಟಿಯಲ್ಲಿ ಎನ್ವಿಡಿಯಾ ಸಾಲೇ ಇಲ್ಲದಿದ್ದರೆ ಬಯೋಸ್‌ನಲ್ಲಿ ಆ ಚಿಪ್ ಆಫ್ ಆಗಿದೆಯೇ ನೋಡಿ. ಆಫ್ ಆಗಿಲ್ಲ, ಆದರೂ ಕಾಣುತ್ತಿಲ್ಲ ಎಂದರೆ, ಇಲ್ಲವೇ ರೆಂಡರ್ ನಡುವೆ ಯಂತ್ರ ನಿಂತು ಕರ್ನೆಲ್ ಲಾಗ್‌ನಲ್ಲಿ ‘ಜಿಪಿಯು ಹ್ಯಾಸ್ ಫಾಲನ್ ಆಫ್ ದಿ ಬಸ್’ ಎಂಬ ಸಾಲು ಮತ್ತೆ ಮತ್ತೆ ಬರುತ್ತಿದ್ದರೆ, ರಿಪೇರಿಯವರ ಮಾತಿನಲ್ಲಿ ಹುರುಳಿರಬಹುದು. ಆ ಸಾಲುಗಳ ಫೋಟೊ ತೆಗೆದುಕೊಂಡು ಹೋಗಿ ಅವರಿಗೆ ತೋರಿಸಿ. ಧೂಳು ತೆಗೆದು ಥರ್ಮಲ್ ಪೇಸ್ಟ್ ಹೊಸದಾಗಿ ಹಾಕಿ ನೋಡಲು ಹೇಳಿ, ಬೋರ್ಡಿನ ದರ ಆಮೇಲೆ ಕೇಳಿ.