ಶಿಕ್ಷಣ ಸಂಸ್ಥೆಯ ಆವರಣದಲ್ಲಿ ನಿಸ್ತಂತು ಜಾಲ: ಆವರ್ತನ ಪಟ್ಟಿಗಳ ನಿರ್ವಹಣೆ

ಪ್ರವೇಶ, ಶುಲ್ಕ ಪಾವತಿ, ಪರೀಕ್ಷಾ ನೋಂದಣಿ, ವಿದ್ಯಾರ್ಥಿವೇತನದ ಅರ್ಜಿ ಇವೆಲ್ಲವೂ ಇಂದು ಗಣಕ ಜಾಲದ ಮೂಲಕವೇ ನಡೆಯುತ್ತವೆ. ಸ್ವಂತ ಗಣಕವಿಲ್ಲದೆ, ಕೈಯಲ್ಲೊಂದು ಸಾಧಾರಣ ಮೊಬೈಲ್ ದೂರವಾಣಿಯಿಟ್ಟುಕೊಂಡು ವಿದ್ಯಾರ್ಥಿನಿಲಯದಲ್ಲಿ ವಾಸಿಸುವವರಿಗೆ ಆವರಣದ ವೈ-ಫೈ ಸೌಲಭ್ಯವೇ ಆಧಾರ. ಅರ್ಜಿ ಸಲ್ಲಿಸಲು ನಿಗದಿಯಾದ ಕೊನೆಯ ದಿನದ ಸಂಜೆ ದೂರವಾಣಿಯ ಪರದೆಯ ಮೇಲೆ ಸಂಕೇತದ ಗೆರೆಗಳು ಪೂರ್ಣವಾಗಿ ಮೂಡಿದ್ದರೂ ಪುಟ ಮಾತ್ರ ತೆರೆಯುವುದಿಲ್ಲ. ದೂರು ಬಂದೊಡನೆ ಆಡಳಿತವರ್ಗವು ಇನ್ನಷ್ಟು ಆಕ್ಸೆಸ್ ಪಾಯಿಂಟ್‌ಗಳನ್ನು, ಅಂದರೆ ತಂತಿಯ ಜಾಲವನ್ನು ರೇಡಿಯೋ ಅಲೆಗಳ ಮೂಲಕ ಬಳಕೆದಾರರಿಗೆ ತಲುಪಿಸುವ ಪೆಟ್ಟಿಗೆಗಳನ್ನು, ಖರೀದಿಸಿ ಗೋಡೆಗೆ ಅಳವಡಿಸುವುದು ವಾಡಿಕೆ. ಅನೇಕ ಸಂದರ್ಭಗಳಲ್ಲಿ ಇದರಿಂದ ಸ್ಥಿತಿ ಮತ್ತಷ್ಟು ಹದಗೆಡುತ್ತದೆ. ಕೊರತೆಯಿರುವುದು ಆವರ್ತನ ಪಟ್ಟಿಯಲ್ಲಿ. ಪೆಟ್ಟಿಗೆಗಳು ಹೆಚ್ಚಿದಂತೆ ಅದೇ ಪಟ್ಟಿಯ ಪಾಲುದಾರರೂ ಹೆಚ್ಚುತ್ತಾರೆ.

ಈ ತೊಡಕು ಹೊಸದೇನೂ ಅಲ್ಲ. 1971ರ ಜೂನ್ ತಿಂಗಳಲ್ಲಿ ಹವಾಯಿ ವಿಶ್ವವಿದ್ಯಾನಿಲಯದಲ್ಲಿ ನಾರ್ಮನ್ ಅಬ್ರಾಂಸನ್ ಮತ್ತು ಅವರ ಸಹೋದ್ಯೋಗಿಗಳು ‘ಅಲೋಹಾ’ ಎಂಬ ರೇಡಿಯೋ ಜಾಲವನ್ನು ಆರಂಭಿಸಿದರು. ಬಳಕೆದಾರರಿಂದ ಕೇಂದ್ರ ಗಣಕಕ್ಕೆ 407.350 ಮೆಗಾಹರ್ಟ್ಸ್, ಗಣಕದಿಂದ ಬಳಕೆದಾರರಿಗೆ 413.475 ಮೆಗಾಹರ್ಟ್ಸ್, ಇವೆರಡೇ ದಾರಿಗಳು. ಸಂದೇಶವಿದ್ದವರು ಯಾರನ್ನೂ ಕೇಳದೆ ಕಳುಹಿಸಬಹುದಾಗಿತ್ತು. ಇಬ್ಬರ ಸಂದೇಶಗಳು ಡಿಕ್ಕಿ ಹೊಡೆದು ಕೆಟ್ಟರೆ, ಇಬ್ಬರೂ ಬೇರೆ ಬೇರೆ ಅವಧಿ ಕಾದು ಮತ್ತೆ ಕಳುಹಿಸಬೇಕಾಗಿತ್ತು. ಸರಳವಾದ ಈ ಏರ್ಪಾಡಿನಲ್ಲಿ ದಾರಿಯ ಸಾಮರ್ಥ್ಯದ ಸುಮಾರು ಶೇಕಡಾ 18ಕ್ಕಿಂತ ಹೆಚ್ಚು ಭಾಗವನ್ನು ಬಳಸಲಾಗದೆಂದು ಗಣಿತವು ತೋರಿಸಿತು. ಆ ಮಿತಿಯನ್ನು ದಾಟಿ ಸಂದೇಶಗಳನ್ನು ತುರುಕಿದಷ್ಟೂ ತಲುಪುವ ಸಂದೇಶಗಳು ಕಡಿಮೆಯಾಗುತ್ತವೆ.

ಇಂದಿನ ವೈ-ಫೈ ಉಪಕರಣಗಳು ಇದಕ್ಕಿಂತ ಸಭ್ಯವಾದವು. ಅವು ಮೊದಲು ಆಲಿಸುತ್ತವೆ. ಬೇರೆಯವರು ಮಾತನಾಡುತ್ತಿದ್ದರೆ ಸುಮ್ಮನಿರುತ್ತವೆ. ಆದುದರಿಂದಲೇ ಪರಸ್ಪರ ಕೇಳಿಸುವಷ್ಟು ಸಮೀಪದಲ್ಲಿ, ಒಂದೇ ಚಾನೆಲ್‌ನಲ್ಲಿ ನಾಲ್ಕು ಪೆಟ್ಟಿಗೆಗಳನ್ನಿಟ್ಟರೆ ನಾಲ್ಕು ಪಟ್ಟು ಸಾಮರ್ಥ್ಯ ದೊರೆಯದು; ಇರುವ ಒಂದು ಪಾಲೇ ನಾಲ್ಕಾಗಿ ಹಂಚಿಹೋಗುತ್ತದೆ.

2.4 ಗಿಗಾಹರ್ಟ್ಸ್ ಪಟ್ಟಿಯ ಒಟ್ಟು ಅಗಲ 83.5 ಮೆಗಾಹರ್ಟ್ಸ್ ಮಾತ್ರ. ಅದರಲ್ಲಿ 13 ಚಾನೆಲ್ ಸಂಖ್ಯೆಗಳಿದ್ದರೂ ಒಂದಕ್ಕೂ ಇನ್ನೊಂದಕ್ಕೂ ಅಂತರ 5 ಮೆಗಾಹರ್ಟ್ಸ್. ಪ್ರತಿಯೊಂದು ಪ್ರಸಾರವೂ ಸುಮಾರು 20 ಮೆಗಾಹರ್ಟ್ಸ್ ಅಗಲವನ್ನು ಆಕ್ರಮಿಸುತ್ತದೆ. ಒಂದರ ಮೇಲೊಂದು ಬೀಳದಂತೆ ಆರಿಸಬೇಕಾದರೆ ರೂಢಿಯಲ್ಲಿ ಉಳಿಯುವುದು 1, 6 ಮತ್ತು 11 ಈ ಮೂರೇ. ಹದಿಮೂರು ಸಂಖ್ಯೆಗಳನ್ನು ಕಂಡು 1, 3, 5, 8 ಎಂದು ಉದಾರವಾಗಿ ಹಂಚಿದರೆ, ನೆರೆಯ ಪೆಟ್ಟಿಗೆಯ ಮಾತು ಅರ್ಥವಾಗದ ಗದ್ದಲವಾಗಿ ಮಾತ್ರ ಕೇಳಿಸಿ, ಸರದಿಯ ಶಿಸ್ತೇ ಕೆಡುತ್ತದೆ. ಮೂರು ಬಣ್ಣಗಳಿಂದ ನಕ್ಷೆಗೆ ಬಣ್ಣ ಹಾಕುವಂತಹ ಈ ಕೆಲಸದಲ್ಲಿ ಮಹಡಿಗಳನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಓಣಿಯ ಆಚೆ ತುದಿಯ ಪೆಟ್ಟಿಗೆಗಿಂತ ನೇರ ಕೆಳಮಹಡಿಯದು ಎಷ್ಟೋ ವೇಳೆ ಹತ್ತಿರವಿರುತ್ತದೆ. ಊಟದ ಮನೆಯಲ್ಲಿ ಮೈಕ್ರೋವೇವ್ ಒಲೆ ಇದ್ದರೆ ಅದೂ 2450 ಮೆಗಾಹರ್ಟ್ಸ್ ಆಸುಪಾಸಿನಲ್ಲೇ ಕೆಲಸ ಮಾಡುತ್ತದೆಂಬುದನ್ನು ನೆನಪಿಡತಕ್ಕದ್ದು.

ಭಾರತದಲ್ಲಿ ಈ ಪಟ್ಟಿಯ ವೈ-ಫೈ ಬಳಕೆಗೆ 2005ರಲ್ಲಿ ಪರವಾನಗಿಯಿಂದ ವಿನಾಯಿತಿ ದೊರೆಯಿತು. ಅದೇ ವರ್ಷ 5 ಗಿಗಾಹರ್ಟ್ಸ್ ವಲಯದ ಕೆಲಭಾಗವನ್ನೂ ಕಟ್ಟಡಗಳೊಳಗೆ ಹಾಗೂ ಒಂದೇ ಸಂಸ್ಥೆಯ ಅಖಂಡ ಆವರಣದೊಳಗೆ ಬಳಸಲು ಅವಕಾಶ ನೀಡಲಾಯಿತು. 2018ರ ಅಕ್ಟೋಬರ್ ತಿಂಗಳ ಅಧಿಸೂಚನೆಯು ಹೊರಾಂಗಣಕ್ಕೂ ಅನ್ವಯಿಸುವಂತೆ ಆ ವಲಯದಲ್ಲಿ ಒಟ್ಟು 605 ಮೆಗಾಹರ್ಟ್ಸ್‌ಗಳನ್ನು ಮುಕ್ತಗೊಳಿಸಿತು. ವಿನಾಯಿತಿಯೆಂದರೆ ಒಡೆತನವಲ್ಲ. ಇತರರಿಗೆ ಅಡಚಣೆ ಮಾಡಬಾರದು. ಇತರರಿಂದಾಗುವ ಅಡಚಣೆಯ ವಿರುದ್ಧ ರಕ್ಷಣೆಯನ್ನೂ ಕೋರುವಂತಿಲ್ಲ. ನೆರೆಯ ಕಟ್ಟಡದ ವೈ-ಫೈ ವಿರುದ್ಧ ದೂರು ಬರೆಯುವ ಶ್ರಮವನ್ನು ತಮ್ಮದೇ ಚಾನೆಲ್ ಯೋಜನೆಗೆ ವಿನಿಯೋಗಿಸುವುದು ಲೇಸು.

5 ಗಿಗಾಹರ್ಟ್ಸ್ ವಲಯದಲ್ಲಿ 20 ಮೆಗಾಹರ್ಟ್ಸ್ ಅಗಲದ ಇಪ್ಪತ್ತಕ್ಕೂ ಹೆಚ್ಚು ಚಾನೆಲ್‌ಗಳಿವೆ. ವೇಗದ ಆಸೆಯಿಂದ ನಾಲ್ಕನ್ನು ಕೂಡಿಸಿ 80 ಮೆಗಾಹರ್ಟ್ಸ್ ಮಾಡಿದರೆ ಅವು ಆರಕ್ಕೆ ಇಳಿಯುತ್ತವೆ; ಜನನಿಬಿಡವಾದ ವಿದ್ಯಾರ್ಥಿನಿಲಯಕ್ಕೆ ಇದು ನಷ್ಟದ ವ್ಯಾಪಾರ. ಮತ್ತೊಂದು ಎಚ್ಚರಿಕೆಯೂ ಅಗತ್ಯ. ಈ ವಲಯದ ಮಧ್ಯಭಾಗವನ್ನು ರಾಡಾರ್‌ಗಳೂ ಬಳಸುತ್ತವೆ. ಅಲ್ಲಿ ಪ್ರಸಾರಕ್ಕೆ ಮೊದಲು ಕನಿಷ್ಠ 60 ಸೆಕೆಂಡು ಆಲಿಸುವುದು, ರಾಡಾರ್ ಸುಳಿವು ಸಿಕ್ಕಿದರೆ 10 ಸೆಕೆಂಡುಗಳೊಳಗೆ ಚಾನೆಲ್ ತೆರವು ಮಾಡುವುದು ಅಂತಾರಾಷ್ಟ್ರೀಯವಾಗಿ ರೂಢಿಗೆ ಬಂದಿರುವ ಕ್ರಮ. ಆಗ ಆ ಕೊಠಡಿಯ ಬಳಕೆದಾರರೆಲ್ಲರ ಸಂಪರ್ಕ ಒಮ್ಮೆಲೇ ಕಡಿಯಬಹುದು. ಪರೀಕ್ಷೆ ನಡೆಯುವ ಸಭಾಂಗಣಕ್ಕೆ ಇಂತಹ ಚಾನೆಲ್ ತರವಲ್ಲ.

ಕಾಲದ ಹಂಚಿಕೆಯೂ ಪಟ್ಟಿಯ ಹಂಚಿಕೆಯಷ್ಟೇ ಮುಖ್ಯ. 1500 ಬೈಟ್‌ಗಳ ಒಂದು ಪೊಟ್ಟಣವನ್ನು ಸೆಕೆಂಡಿಗೆ 54 ಮೆಗಾಬಿಟ್ ವೇಗದಲ್ಲಿ ಕಳುಹಿಸಲು ಸುಮಾರು 0.22 ಮಿಲಿಸೆಕೆಂಡು ಸಾಕು; 1 ಮೆಗಾಬಿಟ್ ವೇಗದಲ್ಲಿ 12 ಮಿಲಿಸೆಕೆಂಡು ಬೇಕು. ದೂರದ ಮೂಲೆಯಲ್ಲಿ ಕುಳಿತು ನಿಧಾನವಾಗಿ ಮಾತನಾಡುವ ಒಂದೇ ಉಪಕರಣ, ವೇಗವಾದ ಐವತ್ತು ಪೊಟ್ಟಣಗಳ ಕಾಲವನ್ನು ನುಂಗುತ್ತದೆ. ಪ್ರತಿ ಪೆಟ್ಟಿಗೆಯೂ ತನ್ನ ಜಾಲದ ಹೆಸರನ್ನು ಸೆಕೆಂಡಿಗೆ ಸುಮಾರು ಹತ್ತು ಬಾರಿ, ಅದೂ ಅನುಮತಿಸಿದ ಕಡಿಮೆ ವೇಗವೊಂದರಲ್ಲಿ, ಸಾರುತ್ತಿರುತ್ತದೆ. ಅಧ್ಯಾಪಕರಿಗೊಂದು, ಅತಿಥಿಗಳಿಗೊಂದು, ಕಚೇರಿಗೊಂದು ಎಂದು ಹೆಸರುಗಳನ್ನು ಬೆಳೆಸಿದರೆ ಈ ಸಾರಾಟಕ್ಕೇ ಗಣನೀಯ ಕಾಲ ವ್ಯಯವಾಗುತ್ತದೆ. ಹೆಸರುಗಳನ್ನು ಮೂರು ನಾಲ್ಕಕ್ಕೆ ಮಿತಿಗೊಳಿಸಿ, ಬಹಳ ಹಳೆಯ ಉಪಕರಣಗಳಿಗಷ್ಟೇ ಬೇಕಾಗುವ 1 ಮತ್ತು 2 ಮೆಗಾಬಿಟ್ ವೇಗಗಳನ್ನು ಸ್ಥಗಿತಗೊಳಿಸುವುದು ಖರ್ಚಿಲ್ಲದ ಪರಿಹಾರ.

ಆದರೆ 2.4 ಗಿಗಾಹರ್ಟ್ಸ್ ಪಟ್ಟಿಯನ್ನೇ ಮುಚ್ಚಿಬಿಡುವ ಸಲಹೆ ಬಂದಾಗ ಸಂಸ್ಥೆಯು ತಡೆದು ಯೋಚಿಸಬೇಕು. ಕಡಿಮೆ ಬೆಲೆಯ ಎಷ್ಟೋ ದೂರವಾಣಿಗಳು ಆ ಪಟ್ಟಿಯೊಂದನ್ನೇ ಬಲ್ಲವು. ಅದನ್ನು ಮುಚ್ಚಿದರೆ ಜಾಲದ ಅಂಕಿಅಂಶಗಳು ಸುಧಾರಿಸುತ್ತವೆ, ವಿದ್ಯಾರ್ಥಿವೇತನವನ್ನೇ ನಂಬಿದವರು ಹೊರಗುಳಿಯುತ್ತಾರೆ. ಎರಡೂ ಪಟ್ಟಿಗಳನ್ನು ಬಲ್ಲ ಉಪಕರಣಗಳನ್ನು 5 ಗಿಗಾಹರ್ಟ್ಸ್ ಕಡೆಗೆ ಸಾಗಹಾಕಿ, ಹಳೆಯ ಪಟ್ಟಿಯನ್ನು ಉಳಿದವರಿಗಾಗಿ ತೆರವಾಗಿಡುವುದು ನ್ಯಾಯವಾದ ಕ್ರಮ. 2.4 ಗಿಗಾಹರ್ಟ್ಸ್ ಅಲೆಗಳು ಗೋಡೆಗಳನ್ನು ದಾಟಿ ಹೆಚ್ಚು ದೂರ ಹೋಗುವುದರಿಂದ ಪೆಟ್ಟಿಗೆಗಳು ಒತ್ತಾಗಿರುವೆಡೆ ಕೆಲವದರಲ್ಲಿ ಮಾತ್ರ ಆ ಪಟ್ಟಿಯನ್ನು ಚಾಲನೆಯಲ್ಲಿಟ್ಟರೆ ಸಾಕು.

ಪ್ರಸಾರದ ಬಲವನ್ನು ಗರಿಷ್ಠ ಮಟ್ಟದಲ್ಲಿಡುವುದು ಮತ್ತೊಂದು ತಪ್ಪು. ಪೆಟ್ಟಿಗೆಯ ಕೂಗು ದೂರವಾಣಿಗೆ ಕೇಳಿಸುತ್ತದೆ, ಗೆರೆಗಳು ಪೂರ್ಣವಾಗಿ ಮೂಡುತ್ತವೆ. ದೂರವಾಣಿಯ ಕ್ಷೀಣ ಉತ್ತರ ಮಾತ್ರ ಪೆಟ್ಟಿಗೆಯನ್ನು ತಲುಪದು. ಪೆಟ್ಟಿಗೆಯ ಬಲವನ್ನು ದೂರವಾಣಿಯ ಬಲಕ್ಕೆ ಸರಿಸುಮಾರು ಹೊಂದಿಸಿದಾಗ ಗೆರೆಗಳು ಒಂದೆರಡು ಕಡಿಮೆಯಾದರೂ ಪುಟ ತೆರೆಯುತ್ತದೆ.

ಮಾಪನವನ್ನು ರಜೆಯ ದಿನಗಳಲ್ಲಿ ನಡೆಸುವುದು ಗುತ್ತಿಗೆದಾರರಿಗೆ ಅನುಕೂಲ. ಆದರೆ ಖಾಲಿ ಕಟ್ಟಡದಲ್ಲಿ ಪ್ರತಿಸ್ಪರ್ಧಿ ಉಪಕರಣಗಳಿರುವುದಿಲ್ಲ; ಅಲೆಗಳನ್ನು ಹೀರುವ ಮಾನವ ಶರೀರಗಳೂ ಇರುವುದಿಲ್ಲ. ವಿದ್ಯಾರ್ಥಿನಿಲಯ ತುಂಬಿರುವ ದಿನ, ರಾತ್ರಿ ಊಟದ ನಂತರ, ಓಣಿಯ ಕೊನೆಯ ಕೊಠಡಿಯಲ್ಲಿ, ಬಾಗಿಲು ಮುಚ್ಚಿ, ಅಲ್ಲಿನ ಅತ್ಯಂತ ಅಗ್ಗದ ದೂರವಾಣಿಯಿಂದ ಒಂದು ಅರ್ಜಿಯನ್ನು ಸಲ್ಲಿಸಿ ನೋಡತಕ್ಕದ್ದು.