ಹಳೆಯ ಟೀಪಾಯಿ ಕೊಳ್ಳುವ ಮುನ್ನ ತಲೆಕೆಳಗು ಮಾಡಿ ನೋಡಿ

ಸಿದ್ದಾಪುರ, ಮೊಳಕಾಲ್ಮುರು, ಚಳ್ಳಕೆರೆ ಕಡೆ ಮಣ್ಣಿನ ಮಾಳಿಗೆ ಮನೆ ಬಿಚ್ಚಿ ಆರ್‌ಸಿಸಿ ಮನೆ ಕಟ್ಟುವವರು ಹೆಚ್ಚುತ್ತಿದ್ದಾರೆ. ಹಾಗೆ ಬಿಚ್ಚುವಾಗ ತೊಲೆ, ಕಂಬಗಳ ಜೊತೆ ಅಟ್ಟದ ಪೆಟ್ಟಿಗೆ, ಮಣೆ, ಕುಳ್ಳು ಮೇಜುಗಳೂ ಗುಜರಿ ಗಾಡಿ ಏರುತ್ತವೆ. ಅಂಥದ್ದೇ ಸಾಮಾನು ಪಾಲಿಶ್ ಹಚ್ಚಿಸಿಕೊಂಡು ಬೆಂಗಳೂರಿನ ಅಂಗಡಿಗಳಲ್ಲಿ ‘ಆಂಟಿಕ್’ ಹೆಸರಿನಲ್ಲಿ ದುಬಾರಿ ಬೆಲೆಗೆ ಕೂತಿರುತ್ತದೆ. ಹೊಸ ಮನೆಯ ಸೋಫಾ ಪಕ್ಕಕ್ಕೆ, ಮಂಚದ ಬದಿಗೆ ಒಂದು ಹಳೆಯ ಟೀಪಾಯಿ ಬೇಕೆನ್ನುವವರಿಗೆ ನನ್ನ ಮೊದಲ ಸಲಹೆ: ಅಂಗಡಿಗೆ ಹೋಗುವ ಮುನ್ನ ಸ್ವಂತ ಅಟ್ಟ ಹತ್ತಿ.

ಅಟ್ಟದಲ್ಲಿ ಏನು ಹುಡುಕಬೇಕು?

ನೆಲದ ಮೇಲೆ ಕೂತು ಬರೆಯುವ ಕಾಲದಲ್ಲಿ ನಮ್ಮವರಿಗೆ ಸೋಫಾ ಪಕ್ಕದ ಮೇಜು ಬೇಕಿರಲಿಲ್ಲ. ಅವರಿಗೆ ಬೇಕಿದ್ದದ್ದು ಇಳಿಜಾರು ಮುಚ್ಚಳದ ಲೆಕ್ಕದ ಪೆಟ್ಟಿಗೆ. ಶಾನುಭೋಗರ ಮನೆಯಲ್ಲಿ, ಶೇಂಗಾ ಮಂಡಿಯ ಗುಮಾಸ್ತರ ಮುಂದೆ, ಅಂಗಡಿ ಸಾಹುಕಾರರ ಮಗ್ಗುಲಲ್ಲಿ ಅದು ಇರುತ್ತಿತ್ತು. ಗ್ರಾಮಾಧಿಕಾರಗಳನ್ನು ರದ್ದುಮಾಡಿದ 1961ರ ಕಾಯ್ದೆಯಿಂದ ವಂಶಪಾರಂಪರ್ಯದ ಶಾನುಭೋಗಿಕೆ ಹೋಯಿತು. ಅದರೊಂದಿಗೆ ಎಷ್ಟೋ ಪೆಟ್ಟಿಗೆಗಳು ಅಟ್ಟ ಸೇರಿದವು. ಒಂದಡಿ, ಹೆಚ್ಚೆಂದರೆ ಒಂದೂಕಾಲು ಅಡಿ ಎತ್ತರದ ಈ ಪೆಟ್ಟಿಗೆ ದಿವಾನದ ಪಕ್ಕಕ್ಕೆ, ನೆಲಹಾಸಿಗೆಯ ತಲೆದೆಸೆಗೆ ಹೇಳಿ ಮಾಡಿಸಿದಂತಿರುತ್ತದೆ. ಒಳಗೆ ಔಷಧಿ, ಕನ್ನಡಕ, ಪುಸ್ತಕ ಇಡಲು ಜಾಗವೂ ಉಂಟು. ಕಾಸಿನ ಗೂಡುಗಳಿರುವ ಗಲ್ಲಾಪೆಟ್ಟಿಗೆಯನ್ನೂ ಹೀಗೇ ಬಳಸಬಹುದು.

ದರ್ಜಿಗಳ ಮನೆಯಲ್ಲಿ ಕಾಲಿನಿಂದ ತುಳಿಯುವ ಹೊಲಿಗೆ ಯಂತ್ರದ ಎರಕದ ಕಬ್ಬಿಣದ ಸ್ಟ್ಯಾಂಡ್ ಸಿಗುತ್ತದೆ. ಅದರ ಮೇಲೊಂದು ಹಲಗೆ ಕೂರಿಸಿದರೆ ಸೊಗಸಾದ ಟೀಪಾಯಿ. ಸಿಂಗರ್ ಯಂತ್ರವೂ ಜೊತೆಗಿದ್ದರೆ ಅದರ ಮೇಲಿನ ಕ್ರಮಸಂಖ್ಯೆಯಿಂದ ತಯಾರಾದ ವರ್ಷ ಪತ್ತೆಯಾಗುತ್ತದೆ. 1900ರ ನಂತರದ ಸಂಖ್ಯೆಗಳ ಮುಂದೆ ಇಂಗ್ಲಿಷ್ ಅಕ್ಷರವಿರುತ್ತದೆ. ಉಷಾ ಯಂತ್ರವಾದರೆ 1930ರ ದಶಕಕ್ಕಿಂತ ಹಳೆಯದಾಗಿರಲಾರದು. ಯಂತ್ರ ಇನ್ನೂ ಹೊಲಿಯುತ್ತಿದ್ದರೆ ಮಾತ್ರ ಸ್ಟ್ಯಾಂಡಿಗಾಗಿ ಅದನ್ನು ಬೇರ್ಪಡಿಸಬೇಡಿ.

ಅಳತೆ ಬರೆದುಕೊಳ್ಳಿ

ಟೀಪಾಯಿಯ ಮೇಲ್ಮೈ ಕುರ್ಚಿಯ ಕೈಯಷ್ಟೇ ಎತ್ತರವಿರಬೇಕು, ಇಲ್ಲವೇ ಎರಡು ಇಂಚಿನೊಳಗೆ ತಗ್ಗಿರಬೇಕು. ಮಂಚದ ಪಕ್ಕಕ್ಕಾದರೆ ಹಾಸಿಗೆಯ ಮಟ್ಟ. ಟೇಪು ಜೇಬಿನಲ್ಲಿರಲಿ.

ಈಗ ತಲೆಕೆಳಗು ಮಾಡಿ

ಮೇಲ್ಮೈಯನ್ನು ಯಾರು ಬೇಕಾದರೂ ಹಳೆಯದಾಗಿ ಕಾಣಿಸಬಹುದು. ಕಾಫಿಪುಡಿ ಬಣ್ಣ ಹಚ್ಚಿ, ಸರಪಳಿಯಿಂದ ಬಡಿದು, ಅಂಚು ಸವೆಸಿ ಮಾರುವವರಿದ್ದಾರೆ. ಅಡಿಭಾಗಕ್ಕೆ ಅಷ್ಟು ಶ್ರಮ ಹಾಕುವವರು ಅಪರೂಪ. ಅಂಗಡಿಯವರಿಗೆ ಹೇಳಿ ಮೇಜನ್ನು ಮಗುಚಿಸಿ, ಮೊಬೈಲ್ ಟಾರ್ಚ್ ಹಾಕಿ ನೋಡಿ.

ಹಲಗೆಯ ಕೆಳಗೆ ಬೆರಳಾಡಿಸಿ. ಕೈಯಿಂದ ಉಜ್ಜುಗೊರಡು ಹೊಡೆದಿದ್ದರೆ ಸಣ್ಣ ಅಲೆಗಳು ಬೆರಳಿಗೆ ತಾಗುತ್ತವೆ. ಯಂತ್ರದ ಕೆಲಸ ಒಂದೇ ಸಮ ಇರುತ್ತದೆ. ಕೈಗರಗಸದ ಗೀರುಗಳು ನೇರ, ಯಂತ್ರದ ಚಕ್ರಗರಗಸದವು ಕಮಾನಿನಂತೆ ಬಾಗಿರುತ್ತವೆ. ಕಾಲು ಮತ್ತು ಚೌಕಟ್ಟು ಸೇರುವಲ್ಲಿ ಒಂದು ಮರದ ನಾಲಗೆ ಇನ್ನೊಂದರ ಗೂಡಿಗೆ ಕೂತು, ಅಡ್ಡಲಾಗಿ ಮರದ ಬೆಣೆ ಬಡಿದಿದ್ದರೆ ಒಳ್ಳೆಯ ಬಡಗಿಯ ಕೆಲಸ. ಡ್ರಾಯರ್ ಇದ್ದರೆ ಪೂರ್ತಿ ಹೊರಗೆಳೆಯಿರಿ. ಮೂಲೆಯ ಡವ್‌ಟೇಲ್ ಹಲ್ಲುಗಳು ಒಂದಕ್ಕೊಂದು ತುಸು ಹೆಚ್ಚುಕಡಿಮೆ ಇದ್ದರೆ ಕೈಕೆಲಸ, ಅಚ್ಚು ಹಾಕಿದಂತೆ ಸಮನಾಗಿದ್ದರೆ ಯಂತ್ರದ್ದು. ಡ್ರಾಯರಿನ ತಳ ಪ್ಲೈವುಡ್ ಆಗಿದ್ದರೆ ನೂರು ವರ್ಷದ ಮಾತನ್ನು ನಂಬುವ ಮುನ್ನ ಕಾರಣ ಕೇಳಿ.

ಸ್ಕ್ರೂ ಕೂಡ ಕತೆ ಹೇಳುತ್ತದೆ. ಅಡ್ಡ-ಉದ್ದ ಗೀರಿನ ಫಿಲಿಪ್ಸ್ ತಲೆಯ ಸ್ಕ್ರೂ ಅಮೆರಿಕದ ಪೇಟೆಗೆ ಬಂದದ್ದೇ 1930ರ ದಶಕದಲ್ಲಿ. ಅಂಥ ಸ್ಕ್ರೂ ಇರುವ ಮೇಜನ್ನು ‘ಅಜ್ಜನ ಅಜ್ಜನ ಕಾಲದ್ದು’ ಎಂದರೆ ಅದು ದುರಸ್ತಿಯಾದದ್ದು, ಇಲ್ಲವೇ ಸುಳ್ಳು. ದುಂಡು ಮೇಜಾದರೆ ಇನ್ನೊಂದು ಪರೀಕ್ಷೆಯಿದೆ. ಮರ ಉದ್ದಕ್ಕೆ ಅಷ್ಟಾಗಿ ಕುಗ್ಗುವುದಿಲ್ಲ, ಅಡ್ಡಕ್ಕೆ ಕುಗ್ಗುತ್ತದೆ. ಮರದ ಎಳೆಯ ಗುಂಟ ಒಮ್ಮೆ, ಅಡ್ಡಕ್ಕೆ ಒಮ್ಮೆ ಅಳೆಯಿರಿ. ನಿಜಕ್ಕೂ ಹಳೆಯ ಗಟ್ಟಿಮರದ ಮೇಜಿನಲ್ಲಿ ಅಡ್ಡಳತೆ ಕೆಲವು ಮಿಲಿಮೀಟರ್ ಕಡಿಮೆ ಬರಬೇಕು.

ಯಾವ ಮರ?

ಈ ಸೀಮೆಯಲ್ಲಿ ಬೆಳೆಯುವುದು ಬೇವು, ಹುಣಸೆ, ಜಾಲಿ, ಕಮರ. ಬೀಟೆ, ತೇಗ ಬಂದದ್ದು ಮಲೆನಾಡಿನಿಂದ, ಅದೂ ಅನುಕೂಲಸ್ಥರ ಮನೆಗೆ. ಆದ್ದರಿಂದ ಸುತ್ತಲಿನ ಹಳ್ಳಿಯಲ್ಲೇ ಮಾಡಿದ್ದೆಂದು ಹೇಳುವ ಬೀಟೆ ಮೇಜಿನ ಮೂಲ ಕೇಳುವುದು ತಪ್ಪಲ್ಲ. ಬೀಟೆ ತೂಕದ ಮರ, ನೇರಳೆಗಂದಿನ ಮೈಯಲ್ಲಿ ಕಪ್ಪು ಎಳೆ. ತೇಗ ಹೊಂಗಂದು, ಮುಟ್ಟಿದರೆ ಎಣ್ಣೆಯ ಜಿಡ್ಡು. ಅಗ್ಗದ ಬಿಳಿಮರಕ್ಕೆ ಬಣ್ಣ ತುಂಬಿ ಬೀಟೆ ಎನ್ನುವುದು ಹಳೆಯ ಮೋಸ; ಮಾಲೀಕರನ್ನು ಕೇಳಿ, ಕಾಣದ ಕಡೆ ಸಣ್ಣದಾಗಿ ಕೆರೆದರೆ ಒಳಬಣ್ಣ ತಿಳಿಯುತ್ತದೆ. ಬೇವು, ಹುಣಸೆಯ ಮೇಜುಗಳನ್ನು ಕೀಳಾಗಿ ಕಾಣುವ ವ್ಯಾಪಾರಿಗಳ ಮಾತು ನನಗೆ ಒಪ್ಪಿಗೆಯಿಲ್ಲ. ಈ ನೆಲದ ಮನೆಗೆ ಈ ನೆಲದ ಮರಕ್ಕಿಂತ ಹೊಂದುವುದು ಬೇರೆ ಯಾವುದೂ ಇಲ್ಲ.

ಬೆಲೆಗೆ ಒಂದು ಸರಳ ದಾರಿ: ಅದೇ ಮರದಲ್ಲಿ, ಅದೇ ಅಳತೆಯ ಹೊಸ ಮೇಜಿಗೆ ಎಷ್ಟಾಗುತ್ತದೆಂದು ಊರಿನ ಬಡಗಿಯನ್ನು ಕೇಳಿ. ಅದಕ್ಕಿಂತ ಹೆಚ್ಚು ಕೊಡುವುದಾದರೆ, ಮೇಲಿನ ಗುರುತುಗಳಲ್ಲಿ ಕೆಲವಾದರೂ ಕಣ್ಣಿಗೆ ಕಂಡಿರಬೇಕು.

ಹುಳು ಮತ್ತು ಒಣಹವೆ

ತೂತುಗಳಿದ್ದ ಮಾತ್ರಕ್ಕೆ ಹೆದರಬೇಡಿ, ಹಳೆಯ ತೂತು ಒಳಗೆ ಕಪ್ಪಾಗಿರುತ್ತದೆ. ತೂತಿನ ಬಾಯಿ ಬೆಳ್ಳಗಿದ್ದು, ಮೇಜನ್ನು ತಟ್ಟಿದಾಗ ಹಿಟ್ಟಿನಂಥ ಪುಡಿ ಉದುರಿದರೆ ಕುಟ್ಟೆ ಹುಳು ಇನ್ನೂ ಜೀವಂತವಾಗಿದೆ. ಅಂಥದ್ದನ್ನು ಮನೆಯೊಳಗೆ ತರಬೇಡಿ. ಬೇರೆ ಮರಕ್ಕೂ ಹತ್ತುತ್ತದೆ. ಪಾಲಿಶ್ ಇಲ್ಲದ ಅಡಿಭಾಗಕ್ಕೆ ಬಿಳಿಗಾರದ ದ್ರಾವಣ ಹಚ್ಚುವುದು ಮುನ್ನೆಚ್ಚರಿಕೆಗೆ ಒಳ್ಳೆಯದು, ಪಾಲಿಶ್ ಇದ್ದೆಡೆ ಅದು ಇಳಿಯುವುದಿಲ್ಲ. ಗೆದ್ದಲಿನ ಕಾಟವಿರುವ ಮನೆಯಲ್ಲಿ ಕಾಲುಗಳ ಕೆಳಗೆ ಕಲ್ಲಿನ ಬಿಲ್ಲೆ ಇಡಿ, ಗೋಡೆಗೆ ತಾಗಿಸಬೇಡಿ.

ಬಯಲುಸೀಮೆಯವರು ಮುಖ್ಯವಾಗಿ ಗಮನಿಸಬೇಕಾದ ಮಾತೊಂದಿದೆ. ಚಳ್ಳಕೆರೆ, ಮೊಳಕಾಲ್ಮುರು ರಾಜ್ಯದಲ್ಲೇ ಅತಿ ಕಡಿಮೆ ಮಳೆಯ ತಾಲ್ಲೂಕುಗಳ ಸಾಲಿನವು. ಮಂಗಳೂರಿನಿಂದಲೋ ಕೊಚ್ಚಿಯ ಮಟ್ಟಾಂಚೇರಿಯ ಹಳೆಸಾಮಾನಿನ ಅಂಗಡಿಗಳಿಂದಲೋ ತಂದ ಮೇಜು ಕಡಲತಡಿಯ ತೇವ ಕುಡಿದು ಬೆಳೆದದ್ದು. ಇಲ್ಲಿಯ ಒಣಗಾಳಿಗೆ ಅದು ತೇವ ಬಿಟ್ಟುಕೊಟ್ಟು ಕುಗ್ಗುತ್ತದೆ, ಹಲಗೆ ಸೀಳುತ್ತದೆ, ಕೀಲು ಸಡಿಲವಾಗುತ್ತದೆ. ಆದಷ್ಟು ಮಳೆಗಾಲದಲ್ಲಿ ತನ್ನಿ. ಬೇಸಿಗೆಯಲ್ಲಿ ತಂದರೆ ಮೊದಲ ಕೆಲವು ವಾರ ಕಿಟಕಿಯ ಬಿಸಿಲು, ಫ್ಯಾನಿನ ನೇರಗಾಳಿ ತಾಗದ ಮೂಲೆಯಲ್ಲಿರಲಿ. ಬಿರುಕು ಬಂದರೆ ತಕ್ಷಣ ಮೇಣ ತುಂಬಿಸಬೇಡಿ. ಮರ ಹೊಸ ಹವೆಗೆ ಒಗ್ಗಿದ ಮೇಲೆ ದುರಸ್ತಿ ಮಾಡಿಸಿ.

ಉಪ್ಪುಕಾಗದ ದೂರವಿರಲಿ

ಹಳೆಯ ಮೇಜು ಮನೆಗೆ ಬಂದ ಕೂಡಲೇ ಉಜ್ಜಿಸಿ ಹೊಳೆಯುವ ಪಾಲಿಯುರೆಥೇನ್ ಹಚ್ಚಿಸುವುದು ಅದರ ಆಯಸ್ಸನ್ನೆಲ್ಲ ಒರೆಸಿಹಾಕಿದಂತೆ. ಕಾಣದ ಮೂಲೆಗೆ ಸ್ಪಿರಿಟ್ ಅದ್ದಿದ ಹತ್ತಿ ಒತ್ತಿ. ಪಾಲಿಶ್ ಕರಗಿ ಅಂಟಾದರೆ ಅದು ಅರಗಿನದು. ಅರಗಿನ ಪಾಲಿಶ್ ತಿಳಿದವರಿಂದ ಅದನ್ನೇ ಮೇಲಿಂದ ಹಚ್ಚಿಸಿದರೆ ಸಾಕು. ಉಳಿದವಕ್ಕೆ ಒಣಬಟ್ಟೆ, ವರ್ಷಕ್ಕೆರಡು ಸಲ ಜೇನುಮೇಣ.

ಕಾನೂನಿನ ಮಾತು

1972ರ ಪ್ರಾಚ್ಯವಸ್ತು ಕಾಯ್ದೆಯ ಪ್ರಕಾರ ನೂರು ವರ್ಷ ದಾಟಿದ ಕಲೆ, ಕುಶಲಕರ್ಮದ ವಸ್ತುಗಳು ಪ್ರಾಚ್ಯವಸ್ತುಗಳೆನಿಸುತ್ತವೆ. ಅವನ್ನು ವಿದೇಶದಲ್ಲಿರುವ ಮಕ್ಕಳಿಗೆಂದು ಕಳುಹಿಸುವಂತಿಲ್ಲ. ಹಳೆಯ ಮೈಸೂರು ಕುಂದಣದ ಬೀಟೆ ಮೇಜುಗಳಲ್ಲಿ ಆನೆದಂತ ಕೂರಿಸಿರುವುದುಂಟು. ದಂತದ ಕೊಡುಕೊಳ್ಳುವಿಕೆ ನಿಷಿದ್ಧ, ಎಷ್ಟೇ ಚಂದವಿದ್ದರೂ ಕೊಳ್ಳಬೇಡಿ.

ಸಿದ್ದಾಪುರದವರಿಗೆ ಇದಕ್ಕಿಂತ ದೊಡ್ಡ ಎಚ್ಚರಿಕೆ ಕಲ್ಲಿನದು. ಕಂಬದ ತುಂಡು, ವೀರಗಲ್ಲು, ಕೆತ್ತನೆಯ ಚಪ್ಪಡಿಗಳ ಮೇಲೆ ಗಾಜಿಟ್ಟು ಟೀಪಾಯಿ ಮಾಡುವ ಹುಚ್ಚು ನಗರಗಳಲ್ಲಿದೆ. ಸಿದ್ದಾಪುರ, ಬ್ರಹ್ಮಗಿರಿ, ಜಟಿಂಗ ರಾಮೇಶ್ವರಗಳಲ್ಲಿ ಬಿ. ಎಲ್. ರೈಸ್ 1892ರಲ್ಲಿ ಅಶೋಕನ ಶಾಸನಗಳನ್ನು ಪತ್ತೆಮಾಡಿದರು. ಬ್ರಹ್ಮಗಿರಿಯಲ್ಲಿ 1947ರಲ್ಲಿ ಮಾರ್ಟಿಮರ್ ವೀಲರ್ ಉತ್ಖನನ ನಡೆಸಿದರು. ಇಂಥ ನೆಲದಲ್ಲಿ ಹೊಲದ ಬದುವಿನ ಕಲ್ಲೂ ಇತಿಹಾಸದ ಪುಟವಾಗಿರಬಹುದು. ಬೀಸುಕಲ್ಲು, ಒರಳು ನಿಮ್ಮ ಮನೆಯದಾದರೆ ಧಾರಾಳವಾಗಿ ಬಳಸಿ. ಅಕ್ಷರ ಅಥವಾ ಕೆತ್ತನೆಯಿರುವ ಕಲ್ಲನ್ನು ಯಾರಾದರೂ ಮಾರಲು ತಂದರೆ ಕೊಳ್ಳಬೇಡಿ. ಹೊಲದಲ್ಲಿ ಕಂಡರೆ ಅಲುಗಿಸದೆ, ಫೋಟೊ ತೆಗೆದು ತಹಶೀಲ್ದಾರ್ ಕಚೇರಿಗೋ ಪುರಾತತ್ವ ಇಲಾಖೆಗೋ ತಿಳಿಸಿ.